ಹಿಂದಿರುಗುತ್ತೇನೆಂದು ಬರೆದುಕೊಟ್ಟು ಹೊರಟವರು

ಕೆನಡಾದಲ್ಲಿ ಓದಲು ಹೊರಡುವವರು ಸ್ಟಡಿ ಪರ್ಮಿಟ್ ಅರ್ಜಿಯ ಜೊತೆಗೆ ಲಗತ್ತಿಸುವ ಕಾಗದಗಳಲ್ಲಿ ಎಸ್‌ಒಪಿ ಎಂಬ, ಓದುವ ಉದ್ದೇಶವನ್ನು ವಿವರಿಸುವ ಪತ್ರವೊಂದು ಇರುತ್ತದೆ. ಈ ಕೋರ್ಸು ಏಕೆ, ಈ ಕಾಲೇಜೇ ಏಕೆ, ಹಣ ಎಲ್ಲಿಂದ ಬರುತ್ತದೆ ಎಂಬುದನ್ನೆಲ್ಲ ವಿವರಿಸಿದ ಮೇಲೆ ಅದರ ಕೊನೆಯ ಪ್ಯಾರಾ ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಬರುತ್ತದೆ: ತಂದೆತಾಯಿ ಊರಿನಲ್ಲಿದ್ದಾರೆ, ಮನೆ ಜಮೀನು ಅಲ್ಲಿವೆ, ಈ ವಿದ್ಯೆಗೆ ಬೆಂಗಳೂರಿನಲ್ಲಿ ಒಳ್ಳೆಯ ಬೇಡಿಕೆಯಿದೆ, ಆದ್ದರಿಂದ ಓದು ಮುಗಿದೊಡನೆ ನಾನು ಭಾರತಕ್ಕೆ ಹಿಂದಿರುಗುತ್ತೇನೆ. ಇದನ್ನು ಬರೆದ ಆಸುಪಾಸಿನಲ್ಲೇ ಆ ಮನೆಯ ಪತ್ರಗಳು ಬ್ಯಾಂಕಿಗೆ ಹೋಗಿರುತ್ತವೆ. ಏಳೂವರೆ ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುವುದರಿಂದ ತಂದೆಯೂ ಸಹ-ಸಾಲಗಾರರಾಗಿ ಸಹಿ ಹಾಕಿರುತ್ತಾರೆ. ಅವರ ಮನಸ್ಸಿನ ಲೆಕ್ಕದಲ್ಲಿ ಆ ಸಾಲ ತೀರುವುದು ಡಾಲರ್ ಸಂಬಳದಿಂದ, ಅಂದರೆ ಮಗಳೋ ಮಗನೋ ಅಲ್ಲಿಯೇ ಉಳಿದುಕೊಳ್ಳುವುದರಿಂದ.

ಇದನ್ನು ಬರೀ ಸುಳ್ಳೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಕೆನಡಾದ ಕಾನೂನೇ ಈ ಎರಡು ಮನಸ್ಸಿಗೆ ಜಾಗ ಮಾಡಿಕೊಟ್ಟಿದೆ. ಅಲ್ಲಿನ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 22ನೆಯ ವಿಧಿಯ ಎರಡನೆಯ ಉಪವಿಧಿಯ ಪ್ರಕಾರ, ಶಾಶ್ವತವಾಗಿ ನೆಲೆಸುವ ಇರಾದೆಯಿದೆ ಎಂಬ ಒಂದೇ ಕಾರಣಕ್ಕೆ ಯಾರಿಗೂ ತಾತ್ಕಾಲಿಕ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಆದರೆ ಕೊಟ್ಟ ಅವಧಿ ಮುಗಿದಾಗ ಆತ ದೇಶ ಬಿಟ್ಟು ಹೊರಡುತ್ತಾನೆ ಎಂಬುದು ಅಧಿಕಾರಿಗೆ ಮನವರಿಕೆಯಾಗಿರಬೇಕು. ಉಳಿಯಬೇಕೆಂದು ಆಸೆಪಡಬಹುದು, ಉಳಿಯಲು ಬಿಡದಿದ್ದರೆ ಹೊರಡಲು ಸಿದ್ಧರಿರಬೇಕು, ಇಷ್ಟೇ ಅದರ ತಾತ್ಪರ್ಯ. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಮತ್ತು ಅವರ ಮನೆಯವರು ಈ ವಾಕ್ಯದ ಮೊದಲರ್ಧವನ್ನು ಬದುಕುತ್ತಾರೆ, ಎರಡನೆಯ ಅರ್ಧವನ್ನು ಎಸ್‌ಒಪಿಯಲ್ಲಿ ಬರೆದು ಮರೆತುಬಿಡುತ್ತಾರೆ. ಸರ್ಕಾರ ಮಾತ್ರ ಎರಡನ್ನೂ ನೆನಪಿಟ್ಟುಕೊಂಡಿರುತ್ತದೆ.

ನಾನಿರುವುದು ಒಂಟಾರಿಯೊದ ವಾಟರ್‌ಲೂ ಕಡೆ. ಇದೇ ದಾರಿಯಲ್ಲಿ ಬಂದವನು, ನನಗೆ ಪಿಆರ್, ಅಂದರೆ ಶಾಶ್ವತವಾಗಿ ನೆಲೆಸುವ ಅನುಮತಿ, ಸಿಕ್ಕಿ ವರ್ಷಗಳಾದವು. ಕನ್ನಡದ ಹುಡುಗ ಹುಡುಗಿಯರು ಯಾರದೋ ಪರಿಚಯ ಹಿಡಿದು ಫೋನು ಮಾಡುತ್ತಾರೆ, ಕೆಲವರು ಮನೆಗೂ ಬರುತ್ತಾರೆ. ನಾನು ವಲಸೆ ಸಲಹೆಗಾರನಲ್ಲ. ಪರವಾನಗಿಯಿಲ್ಲದೆ ಹಣ ಪಡೆದು ಇಂಥ ಸಲಹೆ ಕೊಡುವುದು ಇಲ್ಲಿ ಅಪರಾಧವೂ ಹೌದು. ಅವರ ಜೊತೆ ಕುಳಿತು ಪಿಆರ್ ಆಯ್ಕೆಗೆ ಎಷ್ಟು ಅಂಕ ಬರುತ್ತದೆಂದು ತೋರಿಸುವ ಸರ್ಕಾರಿ ಜಾಲತಾಣದ ಪಟ್ಟಿಯನ್ನು ಭರ್ತಿ ಮಾಡಿ ನೋಡುವುದಷ್ಟೇ ನಾನು ಮಾಡುವ ಕೆಲಸ. ಹಾಗೆ ನೋಡುತ್ತ ನೋಡುತ್ತ ನನಗೆ ಗಟ್ಟಿಯಾದ ಅಭಿಪ್ರಾಯವೊಂದಿದೆ: ಊರಿನಲ್ಲಿ ‘ಸ್ಟಡಿ ಮಾಡಿದರೆ ಪಿಆರ್’ ಎಂದು ಒಂದೇ ಉಸಿರಿನಲ್ಲಿ ಹೇಳುವ ಸಂಗತಿ ವಾಸ್ತವದಲ್ಲಿ ನಾಲ್ಕೈದು ಬೇರೆ ಬೇರೆ ಅರ್ಜಿಗಳ ಸಾಲು. ಅವುಗಳಲ್ಲಿ ಯಾವುದೂ ಮುಂದಿನದಕ್ಕೆ ಭರವಸೆ ಕೊಡುವುದಿಲ್ಲ, ಮತ್ತು ಕೊನೆಯ ತೀರ್ಮಾನದಲ್ಲಿ ಓದಿಗಿಂತ ವಯಸ್ಸು, ತಾರೀಖು ಮತ್ತು ಕೆಲಸದ ವರ್ಗಗಳದ್ದೇ ಮೇಲುಗೈ.

ಆ ಸಾಲು ಹೀಗಿದೆ. ಮೊದಲು ಮಾನ್ಯತೆ ಪಡೆದ ಸಂಸ್ಥೆಯೊಂದರಲ್ಲಿ ಪ್ರವೇಶ, ಅದರ ಮೇಲೆ ಸ್ಟಡಿ ಪರ್ಮಿಟ್. ಓದು ಮುಗಿದ ಪತ್ರ ಕೈಗೆ ಬಂದ 180 ದಿನಗಳೊಳಗೆ ಪಿಜಿಡಬ್ಲ್ಯುಪಿ, ಅಂದರೆ ಪದವಿಯ ನಂತರದ ವರ್ಕ್ ಪರ್ಮಿಟ್‌ಗೆ ಅರ್ಜಿ. ಎಂಟು ತಿಂಗಳಿಗಿಂತ ಕಡಿಮೆ ಅವಧಿಯ ಕೋರ್ಸಿಗೆ ಅದು ಸಿಗುವುದಿಲ್ಲ. ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಓದಿದವರಿಗೆ ಮೂರು ವರ್ಷ, ಅದಕ್ಕಿಂತ ಕಡಿಮೆಯಿದ್ದರೆ ಓದಿದಷ್ಟೇ ಅವಧಿ. 2024ರ ಫೆಬ್ರುವರಿಯಿಂದ ಮಾಸ್ಟರ್ಸ್ ಓದಿದವರಿಗೆ ಮಾತ್ರ, ಕೋರ್ಸು ಎರಡು ವರ್ಷಕ್ಕಿಂತ ಚಿಕ್ಕದಾದರೂ, ಮೂರು ವರ್ಷ ಕೊಡುತ್ತಾರೆ. ಜೀವಮಾನದಲ್ಲಿ ಇದು ಒಂದೇ ಸಲ. ಆ ಅವಧಿಯಲ್ಲಿ ಕನಿಷ್ಠ ಒಂದು ವರ್ಷ, ಗಂಟೆಗಳ ಲೆಕ್ಕದಲ್ಲಿ 1,560 ಗಂಟೆ, ಕುಶಲ ಕೆಲಸ ಮಾಡಿ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್ ಎಂಬ ವರ್ಗಕ್ಕೆ ಅರ್ಹರಾಗಬೇಕು. ಆಮೇಲೆ ಎಕ್ಸ್‌ಪ್ರೆಸ್ ಎಂಟ್ರಿ ಎಂಬ, ಅರ್ಹರೆಲ್ಲ ಆಯ್ಕೆಗೆ ಕಾದಿರುವ ಕೊಳಕ್ಕೆ ಇಳಿಯಬೇಕು. ಅಲ್ಲಿ 1,200ಕ್ಕೆ ನಿಮ್ಮ ಅಂಕವೆಷ್ಟು ಎಂಬುದರ ಮೇಲೆ, ಸರ್ಕಾರ ಆಗಾಗ ನಡೆಸುವ ‘ಡ್ರಾ’ದಲ್ಲಿ ಪಿಆರ್ ಅರ್ಜಿ ಹಾಕಲು ಆಹ್ವಾನ ಬರಬೇಕು. ಆಹ್ವಾನ ಬಂದ 60 ದಿನಗಳಲ್ಲಿ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ಕೆಲಸದ ಪತ್ರಗಳ ಸಮೇತ ಪೂರ್ತಿ ಅರ್ಜಿ ಹೋಗಬೇಕು. ಪಿಆರ್ ಎಂಬುದು ಇಷ್ಟೆಲ್ಲದರ ಆಚೆಗಿದೆ.

ಈ ಬಿಡಿಬಿಡಿ ಅರ್ಜಿಗಳು ನಮ್ಮವರ ಕಣ್ಣಿಗೆ ಒಂದೇ ನೇರ ದಾರಿಯಾಗಿ ಕಂಡದ್ದು ಸುಮ್ಮನೆ ಅಲ್ಲ. ಕೆನಡಾದ ಅನುಭವಕ್ಕೇ ಮೀಸಲಾದ ವರ್ಗವನ್ನು 2008ರಲ್ಲಿ ತೆರೆದದ್ದೇ ಇಲ್ಲಿ ಓದಿ ದುಡಿದವರನ್ನು ಉಳಿಸಿಕೊಳ್ಳಲು. 2015ರ ಜನವರಿಯಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಬಂದ ಮೇಲೆ ಅರ್ಜಿಗಳು ವರ್ಷಗಟ್ಟಲೆ ಕೊಳೆಯುವುದು ತಪ್ಪಿತು. ಕೋವಿಡ್ ಕಾಲದಲ್ಲಂತೂ ಹೊರಗಿನಿಂದ ಜನ ಬರಲಾಗದೆ, ಒಳಗಿದ್ದವರಿಂದಲೇ ವಲಸೆಯ ಗುರಿ ತುಂಬಿಸಬೇಕಾಗಿ ಬಂದಾಗ ನಡೆದದ್ದನ್ನು ಇಂದಿಗೂ ಜನ ಪವಾಡದಂತೆ ಹೇಳಿಕೊಳ್ಳುತ್ತಾರೆ. 2021ರ ಫೆಬ್ರುವರಿ 13ರಂದು ಒಂದೇ ಡ್ರಾದಲ್ಲಿ 27,332 ಜನರಿಗೆ ಆಹ್ವಾನ ಹೋಯಿತು. ಅಂದಿನ ಗಡಿ ಅಂಕ ಕೇವಲ 75. ಅದೇ ವರ್ಷದ ಮೇ 6ರಂದು, ಇಲ್ಲಿ ಪದವಿ ಪಡೆದು ಕೆಲಸದಲ್ಲಿದ್ದವರಿಗಾಗಿ, ಅಂಕಗಳ ಗೊಡವೆಯೇ ಇಲ್ಲದ ವಿಶೇಷ ಯೋಜನೆಯೊಂದು ತೆರೆದು, ಅದರ 40,000 ಸ್ಥಾನಗಳು ಮರುದಿನಕ್ಕೆ ಭರ್ತಿಯಾದವು. ಆ ವರ್ಷ ಪಿಆರ್ ಪಡೆದವರು ಊರಿಗೆ ಹೋಗಿ ಹೇಳಿದ ಕಥೆ ಸುಳ್ಳಲ್ಲ. ಅದು ಆ ವರ್ಷದ ಕಥೆ, ಅಷ್ಟೇ. ಬೆಂಗಳೂರಿನ ಕನ್ಸಲ್ಟೆನ್ಸಿಯವರು ಅದನ್ನೇ ಗೋಡೆಗೆ ಅಂಟಿಸಿ ಮುಂದೆ ಮೂರು ವರ್ಷ ವ್ಯಾಪಾರ ಮಾಡಿದರು.

ಇತ್ತ ಕಾಲೇಜುಗಳಿಗೂ ಅವರದೇ ಕಾರಣವಿತ್ತು. ಒಂಟಾರಿಯೊ ಸರ್ಕಾರ 2019ರಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕವನ್ನು ಶೇ 10ರಷ್ಟು ಇಳಿಸಿ, ಆ ಮಟ್ಟದಲ್ಲೇ ಹಿಡಿದು ನಿಲ್ಲಿಸಿತು. ಸರ್ಕಾರದ ಅನುದಾನ ಅದಕ್ಕೆ ತಕ್ಕಂತೆ ಏರಲಿಲ್ಲ. ಆ ಕಂದಕವನ್ನು ಕಾಲೇಜುಗಳು ತುಂಬಿಸಿಕೊಂಡದ್ದು ಹೊರದೇಶದ ವಿದ್ಯಾರ್ಥಿಗಳ ಶುಲ್ಕದಿಂದ, ಏಕೆಂದರೆ ಅವರಿಂದ ಸ್ಥಳೀಯರ ಹಲವು ಪಟ್ಟು ಪಡೆಯಲು ಅಡ್ಡಿಯಿರಲಿಲ್ಲ. ಪ್ರಾಂತ್ಯದ ಮಹಾಲೆಕ್ಕಪರಿಶೋಧಕರು 2021ರ ವರದಿಯಲ್ಲೇ ಈ ಅತಿಯಾದ ಅವಲಂಬನೆಯ ಬಗ್ಗೆ ಎಚ್ಚರಿಸಿದ್ದರು. ನಮ್ಮ ಕಡೆಯವರ ಮಟ್ಟಿಗೆ ಇದು ಒಂದು ವಿಚಿತ್ರ ರೂಪ ತಾಳಿತು. ವಿಟಿಯುವಿನಿಂದ ಬಿಇ ಮುಗಿಸಿ, ಬೆಂಗಳೂರಿನ ಐಟಿ ಕಂಪನಿಯಲ್ಲಿ ಎರಡು ಮೂರು ವರ್ಷ ದುಡಿದವರು, ಒಂದೊಂದು ವರ್ಷದ ಎರಡು ಪೋಸ್ಟ್‌ಗ್ರ್ಯಾಜುಯೇಟ್ ಸರ್ಟಿಫಿಕೇಟುಗಳನ್ನು ಬೆನ್ನುಬೆನ್ನಿಗೆ ಸೇರಿಸಿಕೊಳ್ಳುತ್ತಿದ್ದರು: ಮೊದಲ ವರ್ಷ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಎರಡನೆಯ ವರ್ಷ ಸಪ್ಲೈ ಚೈನ್. ಎರಡೂ ಕೂಡಿ ಎರಡು ವರ್ಷವಾದರೆ ಮೂರು ವರ್ಷದ ವರ್ಕ್ ಪರ್ಮಿಟ್ ಸಿಗುತ್ತದೆ ಎಂಬುದೇ ಆ ಜೋಡಣೆಯ ಹಿಂದಿನ ತರ್ಕ. ‘ಕ್ಲಾಸಿನಲ್ಲಿ ಏನು ಕಲಿತೆ?’ ಎಂದರೆ ಹೆಚ್ಚಿನವರು ನಗುತ್ತಾರೆ. ಕಲಿಯಲೆಂದು ಅವರು ಅದನ್ನು ಕೊಂಡಿರಲಿಲ್ಲ, ಕಲಿಸಲೆಂದು ಇವರು ಅದನ್ನು ಮಾರಿರಲೂ ಇಲ್ಲ.

ಈಗ ಅಂಕಗಳ ಲೆಕ್ಕಕ್ಕೆ ಬರೋಣ, ಏಕೆಂದರೆ ಎಲ್ಲ ಕನಸುಗಳೂ ಕೊನೆಗೆ ಬಂದು ನಿಲ್ಲುವುದು ಇಲ್ಲಿ. ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಇಂಥವರು ನನ್ನ ಊಟದ ಮೇಜಿನ ಮುಂದೆ ಎಷ್ಟೋ ಸಲ ಕುಳಿತಿದ್ದಾರೆ. ಬಿಇ ಆಗಿದೆ, ಊರಿನಲ್ಲಿ ಮೂರು ವರ್ಷ ಕೆಲಸ ಮಾಡಿದ್ದಾನೆ, ಇಲ್ಲಿ ಎರಡು ವರ್ಷದ ಡಿಪ್ಲೊಮಾ, ಒಂದು ವರ್ಷದ ಕುಶಲ ಕೆಲಸ. ವಯಸ್ಸು 29, ಮದುವೆಯಾಗಿಲ್ಲ. ಐಇಎಲ್‌ಟಿಎಸ್‌ನಲ್ಲಿ ಆಲಿಸುವಿಕೆಗೆ 8, ಉಳಿದ ಮೂರಕ್ಕೆ ತಲಾ 7 ಬಂದಿದೆ. ವಯಸ್ಸಿಗೆ 110, ಎರಡು ವಿದ್ಯಾರ್ಹತೆಗಳಿಗೆ 128, ಭಾಷೆಗೆ 124, ಕೆನಡಾದ ಒಂದು ವರ್ಷದ ಅನುಭವಕ್ಕೆ 40, ಇಲ್ಲಿಗೆ 402. ವಿದ್ಯೆ, ಭಾಷೆ, ಊರಿನ ಅನುಭವ ಇವುಗಳ ಕೂಡಿಕೆಗೆಂದು ಗರಿಷ್ಠ 100. ಕೆನಡಾದಲ್ಲಿ ಎರಡು ವರ್ಷ ಓದಿದ್ದಕ್ಕೆ ಎಷ್ಟು ಗೊತ್ತೇ? 15. ಒಟ್ಟು 517.

ಆ ಹದಿನೈದನ್ನು ತೋರಿಸಿದಾಗ ಹುಡುಗರ ಮುಖ ಬಾಡುವುದನ್ನು ನಾನು ಕಂಡಿದ್ದೇನೆ. ‘ಅಣ್ಣಾ, ಇಷ್ಟೇನಾ?’ ಎನ್ನುತ್ತಾರೆ. ಅಪ್ಪನ ಸೈಟಿನ ಮೇಲೆ ಎತ್ತಿದ ಸಾಲವೆಲ್ಲ ಸುರಿದ ಓದಿಗೆ ನೇರವಾಗಿ ಸಿಗುವುದು ಅಷ್ಟೇ. ವಿದ್ಯಾರ್ಹತೆ ಒಂದರ ಬದಲು ಎರಡಾದದ್ದಕ್ಕೆ ಎಂಟು ಅಂಕ ಹೆಚ್ಚು ಬರುತ್ತದೆ, ಕೂಡಿಕೆಯಲ್ಲೂ ಸ್ವಲ್ಪ ಸಹಾಯವಾಗುತ್ತದೆ, ನಿಜ. ಆದರೆ ಆ ಓದಿನ ದೊಡ್ಡ ಬೆಲೆ ಇರುವುದು ಅದು ತೆರೆಯುವ ವರ್ಕ್ ಪರ್ಮಿಟ್‌ನಲ್ಲಿ. ಅಂದರೆ ಕೊಂಡದ್ದು ಅಂಕಗಳನ್ನಲ್ಲ, ದುಡಿಯಲು ಮೂರು ವರ್ಷದ ಕಾಲಾವಕಾಶವನ್ನು.

517 ಸಾಕೇ? 2025ರಲ್ಲಿ ಕೆನಡಾ ಅನುಭವದ ವರ್ಗಕ್ಕೆ ನಡೆದ ಡ್ರಾಗಳ ಗಡಿ 515ರಿಂದ 547ರವರೆಗೆ ತೂಗಾಡಿತು. ವರ್ಷದ ದ್ವಿತೀಯಾರ್ಧದಲ್ಲಿ ತಿಂಗಳುಗಟ್ಟಲೆ 533-534ರಲ್ಲೇ ನಿಂತಿತ್ತು. ಬರವಣಿಗೆಯ ಪರೀಕ್ಷೆಯಲ್ಲಿ 7ರ ಬದಲು 6.5 ಬಂದಿದ್ದರೆ ಎಂಟು ಅಂಕ ಹೋಗಿ 509 ಆಗುತ್ತದೆ, ಆ ವರ್ಷ ಈ ವರ್ಗದ ಯಾವ ಡ್ರಾದಲ್ಲೂ ಹೆಸರಿಲ್ಲ. ಇನ್ನೊಂದು ವರ್ಷ ಕಾಯೋಣ ಎಂದರೆ ಎರಡನೆಯ ವರ್ಷದ ಅನುಭವ 13 ಅಂಕ ತರುತ್ತದೆ, ಆದರೆ ಮೂವತ್ತು ತುಂಬಿದ್ದಕ್ಕೆ ಐದು ಕಳೆಯುತ್ತದೆ: 525. ಮೂರನೆಯ ವರ್ಷ 11 ಬಂದು ಆರು ಹೋಗುತ್ತದೆ: 530. ಅಷ್ಟರಲ್ಲಿ ವರ್ಕ್ ಪರ್ಮಿಟ್‌ನ ಕೊನೆಯ ದಿನ ಬಾಗಿಲಲ್ಲಿ ನಿಂತಿರುತ್ತದೆ. ದುಡಿದದ್ದನ್ನು ವಯಸ್ಸು ತಿಂದುಹಾಕುತ್ತ ಹೋಗುವ ಈ ಲೆಕ್ಕ ನಲವತ್ತರ ನಂತರ ಇನ್ನೂ ಕ್ರೂರ, ವರ್ಷಕ್ಕೆ ಹನ್ನೊಂದು ಅಂಕದಂತೆ ಇಳಿದು 45ಕ್ಕೆ ವಯಸ್ಸಿನ ಅಂಕ ಸೊನ್ನೆಯಾಗುತ್ತದೆ. ಊರಿನಲ್ಲಿ ಹತ್ತು ವರ್ಷ ದುಡಿದು, ಮಕ್ಕಳನ್ನು ಕಟ್ಟಿಕೊಂಡು ಮೂವತ್ತೈದರಲ್ಲಿ ‘ಸ್ಟಡಿ ರೂಟ್’ ಹಿಡಿಯುವವರಿಗೆ ಯಾವ ಕನ್ಸಲ್ಟೆನ್ಸಿಯೂ ಈ ಪಟ್ಟಿಯನ್ನು ಮೊದಲೇ ತೋರಿಸಿದ್ದನ್ನು ನಾನು ಕಂಡಿಲ್ಲ.

ನಮ್ಮ ಮನೆಗಳಲ್ಲಿ ಈ ಅಂಕಗಣಿತ ಇನ್ನೊಂದು ಕಡೆಯಿಂದಲೂ ಒಳಗೆ ಬರುತ್ತದೆ. ಇಪ್ಪತ್ತೆಂಟು ದಾಟಿದ ಮಕ್ಕಳಿಗೆ ಅಮ್ಮಂದಿರು ಜಾತಕ ಹೊರಡಿಸಿರುತ್ತಾರೆ. ಮದುವೆಯಾಗಿ ಸಂಗಾತಿಯನ್ನೂ ಅರ್ಜಿಯಲ್ಲಿ ಸೇರಿಸಿದರೆ ಅಂಕಗಳ ಕೋಷ್ಟಕವೇ ಬದಲಾಗುತ್ತದೆ. ಮೇಲಿನ ಹುಡುಗನಿಗೆ ವಯಸ್ಸಿನಲ್ಲಿ 10, ವಿದ್ಯೆಯಲ್ಲಿ 9, ಭಾಷೆಯಲ್ಲಿ 8, ಅನುಭವದಲ್ಲಿ 5, ಹೀಗೆ ಒಟ್ಟು 32 ಕಡಿತ. ಹೆಂಡತಿ ಪದವೀಧರೆಯಾಗಿದ್ದು ಐಇಎಲ್‌ಟಿಎಸ್‌ನಲ್ಲಿ ಮಧ್ಯಮ ಅಂಕ ಪಡೆದಿದ್ದರೆ ಸುಮಾರು 20 ಮರಳಿ ಬರುತ್ತದೆ, 517 ಎಂಬುದು 505ಕ್ಕೆ ಬಂದು ನಿಲ್ಲುತ್ತದೆ. ಸಂಗಾತಿ ಜೊತೆಗೆ ಬರುತ್ತಿಲ್ಲವೆಂದು ತೋರಿಸಿ ಒಂಟಿಯವರ ಅಂಕ ಪಡೆಯಬಹುದು, ಆದರೆ ಇಬ್ಬರೂ ಇಲ್ಲೇ ಒಂದೇ ಸೂರಿನಡಿ ಇರುವಾಗ ಹಾಗೆ ಬರೆಯುವುದು ತಾವೇ ಅನುಮಾನವನ್ನು ಆಹ್ವಾನಿಸಿದಂತೆ. ‘ಪಿಆರ್ ಆಗಲಿ ಅಮ್ಮ, ಆಮೇಲೆ ನೋಡೋಣ’ ಎಂಬ ಉತ್ತರವನ್ನು ಊರಿನಲ್ಲಿ ನೆಪವೆಂದು ತಿಳಿಯುತ್ತಾರೆ. ಅದರ ಹಿಂದೆ ಹನ್ನೆರಡು ಅಂಕಗಳಿವೆ ಎಂದು ವಾಟ್ಸ್ಯಾಪ್ ಕರೆಯಲ್ಲಿ ಅಮ್ಮನಿಗೆ ಬಿಡಿಸಿ ಹೇಳುವುದು ಸುಲಭವಲ್ಲ.

ಇಷ್ಟಾದರೂ ಈ ಲೆಕ್ಕದಲ್ಲಿ ಸೇರುವುದು ‘ಕುಶಲ’ ಎಂದು ಸರ್ಕಾರ ವರ್ಗೀಕರಿಸಿದ ಕೆಲಸ ಮಾತ್ರ. ಕೆಲಸಗಳನ್ನು ಟಿಯರ್ ಎಂಬ ಆರು ಮೆಟ್ಟಿಲುಗಳಲ್ಲಿ, 0ಯಿಂದ 5ರವರೆಗೆ ಜೋಡಿಸಲಾಗಿದೆ. ಮೊದಲ ನಾಲ್ಕು ಮಾತ್ರ ಎಣಿಕೆಗೆ ಬರುತ್ತವೆ. ಕಾಫಿ ಅಂಗಡಿಯ ಕೌಂಟರಿನಲ್ಲಿ ನಿಂತು ಮಾಡಿದ ಕೆಲಸ ಟಿಯರ್ 5. ಅದೇ ಅಂಗಡಿಯಲ್ಲಿ ಪಾಳಿ ನೋಡಿಕೊಳ್ಳುವ ಸೂಪರ್‌ವೈಸರ್ ಆದರೆ ಟಿಯರ್ 2. ಗೋದಾಮಿನಲ್ಲಿ ಸಾಮಾನು ಹೊತ್ತರೆ ಲೆಕ್ಕಕ್ಕಿಲ್ಲ. ಫೋನಿನಲ್ಲಿ ಗ್ರಾಹಕರಿಗೆ ಉತ್ತರಿಸಿದರೂ ಇಲ್ಲ. ಓದುವಾಗ ಮಾಡಿದ ಪಾರ್ಟ್‌ಟೈಮ್ ಕೆಲಸವಂತೂ, ಅದು ಎಷ್ಟೇ ಕುಶಲವಾಗಿದ್ದರೂ, ಈ ವರ್ಗದಲ್ಲಿ ಎಣಿಕೆಯಿಲ್ಲ. ಆದ್ದರಿಂದ ವರ್ಕ್ ಪರ್ಮಿಟ್ ಕೈಗೆ ಬಂದ ದಿನದಿಂದಲೇ ಗಡಿಯಾರ ಓಡತೊಡಗುತ್ತದೆ. ಬಾಡಿಗೆಗೂ ಸಾಲದ ಕಂತಿಗೂ ಹಣ ಬೇಕೆಂದು ಮೊದಲ ವರ್ಷ ರಾತ್ರಿ ಪಾಳಿಯ ಗೋದಾಮಿಗೆ ಹೋದ ಎಂಜಿನಿಯರ್, ತನ್ನ ಮೂರು ವರ್ಷಗಳಲ್ಲಿ ಒಂದನ್ನು ಬಾಡಿಗೆಗೆ ಕೊಟ್ಟಂತೆ.

ಬೇರೆಯವರಿಗೆ ಚಿಕ್ಕದೆಂದು ತೋರುವ ಕಾಗದವೊಂದು ಇಲ್ಲಿ ದೊಡ್ಡದಾಗುತ್ತದೆ. ಉದ್ಯೋಗದಾತರು ಕೊಡುವ ಅನುಭವ ಪತ್ರದಲ್ಲಿ ಹುದ್ದೆಯ ಹೆಸರಿದ್ದರೆ ಸಾಲದು. ಮಾಡಿದ ಕೆಲಸಗಳ ವಿವರ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಸವಲತ್ತು, ಸಹಿ ಮಾಡಿದವರ ಹುದ್ದೆ ಎಲ್ಲವೂ ಇರಬೇಕು. ವಿವರ ಆ ವರ್ಗದ ಅಧಿಕೃತ ವಿವರಣೆಗೆ ಹೊಂದಿಕೆಯಾಗದಿದ್ದರೆ ಆಹ್ವಾನ ಬಂದ ಮೇಲೂ ಅರ್ಜಿ ಬೀಳುತ್ತದೆ. ನಮ್ಮ ಊರಿನ ಕಂಪನಿಗಳ ಎಚ್‌ಆರ್‌ಗಳು ‘ಇಂತಿಂಥವರು ಇಷ್ಟರಿಂದ ಇಷ್ಟರವರೆಗೆ ನಮ್ಮಲ್ಲಿದ್ದರು’ ಎಂಬ ಮೂರು ಸಾಲಿನ ಪತ್ರವನ್ನು ಬಿಟ್ಟು ಬೇರೇನನ್ನೂ ಕೊಡಲು ಒಪ್ಪುವುದಿಲ್ಲ. ಆಗ ಹಳೆಯ ಮ್ಯಾನೇಜರನ್ನು ಹುಡುಕಿ, ಅಫಿಡವಿಟ್ ಮಾಡಿಸಿ, ನೋಟರಿ ಮುದ್ರೆ ಹಾಕಿಸಿ ತರಿಸಿಕೊಳ್ಳುವ ಪರದಾಟ ಆರಂಭವಾಗುತ್ತದೆ. ಊರಿನ ಅನುಭವಕ್ಕೆ ಸಿಗುವ ಐವತ್ತು ಅಂಕ ಆ ಪತ್ರದ ಮೇಲೆ ನಿಂತಿರುತ್ತದೆ.

ಇನ್ನು 2024ರಿಂದೀಚೆಗೆ ಆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಹೆಚ್ಚಿನದು ಎಲ್ಲರಿಗೂ ಗೊತ್ತು. 2023ರ ಕೊನೆಗೆ ಸ್ಟಡಿ ಪರ್ಮಿಟ್ ಇದ್ದವರ ಸಂಖ್ಯೆ ಹತ್ತು ಲಕ್ಷ ದಾಟಿತ್ತು, ಮನೆ ಬಾಡಿಗೆ ಆಕಾಶಕ್ಕೇರಿ ಅದು ರಾಜಕೀಯದ ಮಾತಾಗಿತ್ತು. 2024ರ ಜನವರಿ 22ರಂದು ಅಂದಿನ ವಲಸೆ ಸಚಿವ ಮಾರ್ಕ್ ಮಿಲ್ಲರ್ ಮಿತಿ ಘೋಷಿಸಿದರು: ಆ ವರ್ಷ ಸುಮಾರು 3,60,000 ಪರ್ಮಿಟ್‌ಗಳು, ಹಿಂದಿನ ವರ್ಷಕ್ಕಿಂತ ಶೇ 35 ಕಡಿಮೆ. ಜೀವನ ನಿರ್ವಹಣೆಗೆಂದು ತೋರಿಸಬೇಕಾದ ಹಣ 10,000 ಡಾಲರಿನಿಂದ ಒಮ್ಮೆಗೇ 20,635ಕ್ಕೆ ಏರಿತು. 2025ರ ಸೆಪ್ಟೆಂಬರಿನಿಂದ ಅದು 22,895. ಭಾರತದ ವಿದ್ಯಾರ್ಥಿಗಳಿಗೆ ಬೇಗ ಉತ್ತರ ಸಿಗುತ್ತಿದ್ದ ಎಸ್‌ಡಿಎಸ್ ವ್ಯವಸ್ಥೆ 2024ರ ನವೆಂಬರ್ 8ಕ್ಕೆ ನಿಂತಿತು. ಅದೇ ತಿಂಗಳ ಮೊದಲ ದಿನದಿಂದ ಪದವಿಯ ನಂತರದ ವರ್ಕ್ ಪರ್ಮಿಟ್‌ಗೆ ಭಾಷಾ ಪರೀಕ್ಷೆ ಕಡ್ಡಾಯವಾಯಿತು, ಮತ್ತು ಆಮೇಲೆ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದವರಲ್ಲಿ ಡಿಪ್ಲೊಮಾ, ಸರ್ಟಿಫಿಕೇಟ್ ಓದುವವರಿಗೆ ಆಯ್ದ ವಿಷಯಗಳಲ್ಲಿ ಮಾತ್ರ ಅದು ಸಿಗುವಂತಾಯಿತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಮತ್ತು ಸಪ್ಲೈ ಚೈನ್ ಜೋಡಿಯ ಕಾಲ ಅಲ್ಲಿಗೆ ಮುಗಿಯಿತು.

ಈ ಬದಲಾವಣೆಗಳಲ್ಲಿ ಗಮನಿಸಬೇಕಾದದ್ದು ಅವುಗಳ ತಾರೀಖು. ಕೆಲವು ನಿಯಮಗಳು ಹೊಸದಾಗಿ ಬರುವವರಿಗಷ್ಟೇ ಅನ್ವಯಿಸಿದವು, ಕೆಲವು ಆಗಲೇ ಇಲ್ಲಿದ್ದವರ ಕಾಲಡಿಯ ನೆಲವನ್ನೂ ಸರಿಸಿದವು. ಇದರ ತೀಕ್ಷ್ಣ ಉದಾಹರಣೆ 2025ರ ಮಾರ್ಚ್ 25. ಅಲ್ಲಿಯವರೆಗೆ ಎಲ್‌ಎಂಐಎ ಎಂಬ, ಹೊರದೇಶದವರನ್ನು ನೇಮಿಸಿಕೊಳ್ಳಲು ಉದ್ಯೋಗದಾತರಿಗೆ ಸರ್ಕಾರ ಕೊಡುವ ಒಪ್ಪಿಗೆಯ ಆಧಾರದ ಉದ್ಯೋಗ ಪತ್ರಕ್ಕೆ 50 ಅಥವಾ 200 ಅಂಕ ಸಿಗುತ್ತಿತ್ತು. ಆ ಪತ್ರಗಳನ್ನು ಸಾವಿರಾರು ಡಾಲರುಗಳಿಗೆ ಮಾರುವ ದಂಧೆ ಬೆಳೆದು ಅದು ಎಲ್ಲರಿಗೂ ತಿಳಿದ ಗುಟ್ಟಾಗಿತ್ತು. ಸರ್ಕಾರ ದಂಧೆಯನ್ನು ನಿಲ್ಲಿಸಲು ಆ ಅಂಕಗಳನ್ನೇ ತೆಗೆದುಹಾಕಿತು, ಅದೂ ಆಗಲೇ ಕೊಳದಲ್ಲಿದ್ದವರಿಗೂ ಸೇರಿಸಿ. ದುಡ್ಡು ಕೊಟ್ಟು ಕೊಂಡವರ ಜೊತೆಗೆ, ಪ್ರಾಮಾಣಿಕ ಉದ್ಯೋಗದಾತರಿಂದ ನ್ಯಾಯವಾಗಿ ಪಡೆದವರೂ ಬೆಳಗಾಗುವಷ್ಟರಲ್ಲಿ ಐವತ್ತು ಅಂಕ ಕಳೆದುಕೊಂಡರು. ಆ ಕ್ರಮ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಬಂದ ದಿನದ ನಿಯಮ ಕೊನೆಯ ದಿನದವರೆಗೆ ನಮ್ಮನ್ನು ಕಾಯುತ್ತದೆ ಎಂದು ನಂಬಿಕೊಂಡವರಿಗೆ ಅದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಪ್ರಾಂತ್ಯಗಳ ನಾಮನಿರ್ದೇಶನವೂ ಹಾಗೆಯೇ. ಒಂದು ಪ್ರಾಂತ್ಯ ನಿಮ್ಮ ಹೆಸರನ್ನು ಎತ್ತಿ ಹಿಡಿದರೆ 600 ಅಂಕ ಒಮ್ಮೆಗೇ ಬರುವುದರಿಂದ, ಅಂಕ ಸಾಲದವರ ಕಣ್ಣೆಲ್ಲ ಅದರ ಮೇಲೆ. 2024ರ ಅಕ್ಟೋಬರ್ 24ರಂದು ಪ್ರಕಟವಾದ ಯೋಜನೆ, ಒಟ್ಟು ಪಿಆರ್ ಗುರಿಯನ್ನು 2025ಕ್ಕೆ 5,00,000ದಿಂದ 3,95,000ಕ್ಕೆ ಇಳಿಸುವುದರ ಜೊತೆಗೆ ಪ್ರಾಂತ್ಯಗಳ ಪಾಲನ್ನು 1,20,000ದಿಂದ 55,000ಕ್ಕೆ ಕತ್ತರಿಸಿತು. ಒಂದು ವರ್ಷದ ಬಳಿಕ ಬಂದ ಯೋಜನೆಯಲ್ಲಿ 2026ಕ್ಕೆ ಅದು ಮತ್ತೆ 91,500. ನಡುವಿನ ಆ ವರ್ಷದಲ್ಲಿ ಯಾರ ವರ್ಕ್ ಪರ್ಮಿಟ್ ಮುಗಿಯಿತೋ ಅವರ ಪಾಲಿಗೆ ಈ ಏರಿಕೆಯಿಂದ ಪ್ರಯೋಜನವಿಲ್ಲ. ಅಟ್ಲಾಂಟಿಕ್ ಕರಾವಳಿಯ ನಾಲ್ಕು ಪ್ರಾಂತ್ಯಗಳ ಯೋಜನೆಯಲ್ಲಿ, ಅಲ್ಲಿಯೇ ಎರಡು ವರ್ಷ ಓದಿದವರಿಗೆ ಅನುಭವದ ಷರತ್ತಿನಿಂದ ವಿನಾಯಿತಿಯಿದೆ, ಆದರೆ ಮಾನ್ಯತೆ ಪಡೆದ ಉದ್ಯೋಗದಾತರ ಕೆಲಸ ಕೈಯಲ್ಲಿರಬೇಕು. ನಮ್ಮವರಿಗೆ ಆ ಕಡೆ ಹೋಗಲು ಮನಸ್ಸಿಲ್ಲ. ಟೊರಾಂಟೊ ಪಕ್ಕದ ಬ್ರಾಂಪ್ಟನ್, ಮಿಸ್ಸಿಸಾಗಾ ಬಿಟ್ಟು ಕದಲುವುದಿಲ್ಲ.

ಈಚೆಗೆ ನಾನು ಕಂಡ ಜಾಣತನವೆಂದರೆ ಫ್ರೆಂಚ್. 2023ರಲ್ಲಿ ವರ್ಗವಾರು ಡ್ರಾಗಳು ಆರಂಭವಾದಂದಿನಿಂದ ಫ್ರೆಂಚ್ ಬಲ್ಲವರ ಗಡಿ ಅಂಕ ಬೇರೆಯೇ ಲೋಕದ್ದು. 2024ರ ಫೆಬ್ರುವರಿ 29ರಂದು ಅದು 336ಕ್ಕೆ ಇಳಿದಿತ್ತು. ಇಂಗ್ಲಿಷಿನ ಜೊತೆಗೆ ಫ್ರೆಂಚಿನ ನಾಲ್ಕೂ ಕೌಶಲಗಳಲ್ಲಿ ಕೆನಡಾದ ಭಾಷಾ ಮಾಪಕದ ಏಳನೆಯ ಹಂತ ಮುಟ್ಟಿದರೆ 50 ಹೆಚ್ಚುವರಿ ಅಂಕ ಬೇರೆ. ಆ ಹಂತ ಸುಲಭವಲ್ಲ, ಕೆಲಸದ ಜೊತೆಗೆ ಕಲಿಯುವವರಿಗೆ ಒಂದೂವರೆ ಎರಡು ವರ್ಷ ಬೇಕಾಗಬಹುದು. ಹಾಸನದ ಕಡೆಯ ಹುಡುಗಿಯೊಬ್ಬಳು ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತ, ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡ ಫ್ರೆಂಚ್ ಪಾಠವನ್ನು ಬಾಯಿಬಿಟ್ಟು ಪುನರುಚ್ಚರಿಸುತ್ತ, ಅಕ್ಕಪಕ್ಕದವರು ತಿರುಗಿ ನೋಡಿದರೂ ಲೆಕ್ಕಿಸದೆ ಕಲಿತಳು. ಆಕೆಗೆ ಕಷ್ಟವಾದದ್ದು ವ್ಯಾಕರಣವಲ್ಲ, ರೇಡಿಯೊದಲ್ಲಿ ಮಾತಾಡುವವರ ವೇಗ. ಊರಿನಿಂದ ಹೊರಡುವ ಮೊದಲೇ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಸೇರಿ ಅಡಿಪಾಯ ಹಾಕಿಕೊಳ್ಳಿ ಎಂದು ಈಗ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಎರಡನೆಯ ಸರ್ಟಿಫಿಕೇಟ್ ಕೋರ್ಸಿಗೆ ಕಟ್ಟುವ ಶುಲ್ಕದ ಒಂದು ಚೂರು ಸಾಕು ಅದಕ್ಕೆ.

ಪಿಆರ್ ಆಗದೆ ಪರ್ಮಿಟ್ ಮುಗಿದರೆ ಏನು ಎಂಬ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಆಹ್ವಾನ ಬಂದು ಅರ್ಜಿ ಸ್ವೀಕೃತವಾಗಿದ್ದರೆ ಮಧ್ಯಂತರ ವರ್ಕ್ ಪರ್ಮಿಟ್ ಸಿಗುತ್ತದೆ, ಉಸಿರಾಡಬಹುದು. ಇಲ್ಲದಿದ್ದರೆ ಸಂದರ್ಶಕರಾಗಿ ಉಳಿಯಲು ಅರ್ಜಿ ಹಾಕಬಹುದು, ಆದರೆ ದುಡಿಯುವಂತಿಲ್ಲ. ಮತ್ತೊಂದು ಕೋರ್ಸಿಗೆ ಸೇರಬಹುದು, ಆದರೆ ಅದರಿಂದ ಎರಡನೆಯ ಪಿಜಿಡಬ್ಲ್ಯುಪಿ ಬರುವುದಿಲ್ಲ. ಸ್ಥಾನಮಾನ ತಪ್ಪಿದವರು 90 ದಿನಗಳೊಳಗೆ ಅದರ ಪುನಃಸ್ಥಾಪನೆಗೆ ಕೋರಬಹುದು. ಕೈಲಾಗದ ಹಂತದಲ್ಲಿ ಜನ ಯಾರ ಮಾತಿಗೂ ಬೀಳುತ್ತಾರೆ. 2023ರಲ್ಲಿ ಪಂಜಾಬಿನ ಹಲವು ವಿದ್ಯಾರ್ಥಿಗಳ ಪ್ರವೇಶ ಪತ್ರಗಳೇ ನಕಲಿ ಎಂಬುದು ಬೆಳಕಿಗೆ ಬಂದದ್ದು ಅವರು ಓದಿ, ದುಡಿದು, ಪಿಆರ್‌ಗೆ ಅರ್ಜಿ ಹಾಕಿದ ಮೇಲೆ. ಏಜೆಂಟ್ ವರ್ಷಗಳ ಹಿಂದೆ ಮಾಡಿದ ಮೋಸಕ್ಕೆ ಅವರು ಗಡೀಪಾರಿನ ಅಂಚಿಗೆ ಬಂದರು, ಪ್ರತಿಭಟನೆಯ ನಂತರ ಸರ್ಕಾರ ಒಬ್ಬೊಬ್ಬರ ಪ್ರಕರಣವನ್ನೂ ಪರಿಶೀಲಿಸಲು ಒಪ್ಪಿತು. ಆ ವರ್ಷದ ಡಿಸೆಂಬರಿನಿಂದ ಕಾಲೇಜುಗಳು ಪ್ರತಿ ಪ್ರವೇಶ ಪತ್ರವನ್ನೂ ದೃಢಪಡಿಸಲೇಬೇಕು.

ಕೆನಡಾ ಯಾರಿಗೂ ಮಾತು ಕೊಟ್ಟಿರಲಿಲ್ಲ ಎಂದು ಇಲ್ಲಿನವರು ಹೇಳುವುದನ್ನು ಕೇಳಿದ್ದೇನೆ. ಕಾಗದದ ಮಟ್ಟಿಗೆ ಅದು ನಿಜ. ಆದರೆ ಶುಲ್ಕ ಪಡೆಯುವಾಗ ಕಾಲೇಜುಗಳ ಪ್ರತಿನಿಧಿಗಳು ನಮ್ಮ ಊರಿನ ಹೋಟೆಲ್ ಸಭಾಂಗಣಗಳಲ್ಲಿ ಮಾತಾಡಿದ್ದು ಪಠ್ಯಕ್ರಮದ ಬಗ್ಗೆ ಅಲ್ಲ, ಪಿಆರ್ ಬಗ್ಗೆ. ಬೇಕಾದಾಗ ಬಾಗಿಲು ತೆರೆದು, ಸಾಕೆನಿಸಿದಾಗ ಮುಚ್ಚುವ ಹಕ್ಕು ಆ ದೇಶಕ್ಕಿದೆ ಎಂಬುದನ್ನು ನಾನು ಪ್ರಶ್ನಿಸುವುದಿಲ್ಲ. ಒಳಗೆ ಕರೆದು, ದುಡಿಸಿಕೊಂಡು, ನಡುಮನೆಯಲ್ಲಿ ನಿಂತವರಿಗೆ ಹೊಸ ನಿಯಮ ಓದಿ ಹೇಳುವುದು ಬೇರೆ ಸಂಗತಿ. ಹೊಸ ಷರತ್ತುಗಳನ್ನು ಹೊಸದಾಗಿ ಬರುವವರಿಗೆ ಮಾತ್ರ ಹಾಕಿ, ಒಳಗಿರುವವರಿಗೆ ಹಳೆಯ ನಿಯಮದಲ್ಲೇ ಮುಗಿಸಿಕೊಳ್ಳಲು ಅವಧಿ ಕೊಡುವುದು ಕಷ್ಟವೇನಲ್ಲ. ವಿಷಯವಾರು ನಿರ್ಬಂಧದಲ್ಲಿ ಹಾಗೆ ಮಾಡಿಯೂ ತೋರಿಸಿದ್ದಾರೆ.

ಪಿಆರ್ ಬಂದವರ ಲೆಕ್ಕವೂ ಅಲ್ಲಿಗೆ ಮುಗಿಯುವುದಿಲ್ಲ ಎಂಬುದನ್ನು ಊರಿನವರಿಗೆ ತಿಳಿಸಬೇಕು. ಐದು ವರ್ಷಗಳಲ್ಲಿ 730 ದಿನ ಕೆನಡಾದಲ್ಲಿ ಇರಲೇಬೇಕು. ಅಪ್ಪನಿಗೆ ಪಾರ್ಶ್ವವಾಯುವಾಗಿ ಊರಿಗೆ ಹೋದವರೂ ಈ ದಿನಗಳನ್ನು ಎಣಿಸುತ್ತ ಕೂರುತ್ತಾರೆ. ಪೌರತ್ವಕ್ಕೆ ಐದು ವರ್ಷಗಳಲ್ಲಿ 1,095 ದಿನ ಬೇಕು, ವಿದ್ಯಾರ್ಥಿಯಾಗಿಯೂ ಕೆಲಸಗಾರರಾಗಿಯೂ ಕಳೆದ ಪ್ರತಿ ದಿನಕ್ಕೆ ಅರ್ಧ ದಿನದಂತೆ ಗರಿಷ್ಠ 365 ದಿನ ಅದರಲ್ಲಿ ಸೇರುತ್ತದೆ. ಅಲ್ಲಿಗೆ ಬಂದ ಮೇಲೆ ನನ್ನ ಪರಿಚಯದ ಹಲವರು ನಿಂತುಬಿಟ್ಟಿದ್ದಾರೆ. ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡು, ಪಡೆದವರು ಕೃಷಿ ಜಮೀನನ್ನು ಪಿತ್ರಾರ್ಜಿತವಾಗಿ ಪಡೆಯಬಹುದೇ ಹೊರತು ಕೊಳ್ಳುವಂತಿಲ್ಲ. ತೋಟದ ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂದರೆ ಬಿಡಬಾರದು ಎಂದು ಅಪ್ಪ ಹೇಳಿಟ್ಟಿರುತ್ತಾರೆ. ಹಾಗಾಗಿ ಅವರು ಪೌರತ್ವದ ಅರ್ಜಿ ತುಂಬುವುದನ್ನು ಮುಂದೂಡಿ, ಐದು ವರ್ಷಕ್ಕೊಮ್ಮೆ ಪಿಆರ್ ಕಾರ್ಡನ್ನು ನವೀಕರಿಸಿಕೊಳ್ಳುತ್ತ, ಭಾರತದ ಪಾಸ್‌ಪೋರ್ಟಿನಲ್ಲೇ ಓಡಾಡುತ್ತಿದ್ದಾರೆ.